ಎಡಗೈ ಮೇಲೆ ಕೂತ ತೀರ್ಪುಗಾರ

ಮೂಗು ಮುರಿಸಿಕೊಂಡವರೆಲ್ಲ ಪರರನ್ನು ಕಂಡು ಮೂಗು ಮುರಿಯುತ್ತಾರೆ ಎಂದೇನಿಲ್ಲ. ನಂಬಿಕೆ ಬಾರದಿದ್ದರೆ ಪಂಢರಿನಾಥರ ಮೂಗನ್ನೇ ನೋಡಿ. ಎರಡು ಸಲ ಮುರಿದಿದೆ, ಯಾರನ್ನು ಕಂಡೂ ಮುರಿದಿಲ್ಲ. ಇದು ಅವರ ಕಥೆ, ನಡೆದದ್ದು ನಡೆದ ಹಾಗೆ. ಒಂದು ಗುದ್ದನ್ನೂ ಮೇಲೆ ಸೇರಿಸಿಲ್ಲ.

ಭಾನುವಾರ ಬೆಳಗಿನ ಐದೂವರೆ. ಗಿಂಡಿ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದ ಪಂಢರಿನಾಥರು ಪಲ್ಲಾವರಂನಲ್ಲಿ ಇಳಿದು ಸಭಾಂಗಣ ಸೇರಿದವರೇ ಕೆಲಸ ಶುರು ಮಾಡಿದ್ದಾರೆ. ಕಾವಲುಗಾರ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತಮಿಳಿನಲ್ಲಿ "ವಾಂಗ ಸಾರ್" ಎಂದು ಸ್ವಾಗತಿಸುತ್ತಾನೆ. ಬಾಕ್ಸಿಂಗ್ ರಿಂಗಿನ ಸುತ್ತ ತೀರ್ಪುಗಾರರಿಗೆಂದು ಐದು ಪ್ಲಾಸ್ಟಿಕ್ ಕುರ್ಚಿ. ಅರವತ್ತೆರಡರ ಈ ಮನುಷ್ಯ ಒಂದೊಂದರಲ್ಲೂ ಕೂತು, ಕತ್ತು ಚಾಚಿ, ಏಳುತ್ತಾರೆ. ಕಂಬ ಅಡ್ಡ ಬರುತ್ತದೆಯೇ? ಹಗ್ಗ ಸರಿಯಾಗಿ ಹುಡುಗನ ಮುಖದ ಮೇಲೇ ಗೆರೆ ಎಳೆಯುತ್ತದೆಯೇ? ಮೂರನೆಯ ಕುರ್ಚಿಯನ್ನು ಒಂದು ಗೇಣು ಸರಿಸುತ್ತಾರೆ.

ತಮಾಷೆಯೆಂದರೆ, ಇವತ್ತು ಈ ಐದರಲ್ಲಿ ಒಂದೂ ಅವರದ್ದಲ್ಲ.

"ನನಗೆ ಕುರ್ಚಿ ಇಲ್ಲ, ಸರಿ. ಹಾಗಂತ ಕೂರೋರಿಗೆ ಗುದ್ದು ಕಾಣಬಾರದಾ?" ಅನ್ನುತ್ತಾರೆ.

ಪಂಢರಿನಾಥರು ಹುಟ್ಟಾ ಎಡಗೈಯವರು. ರೈಲ್ವೆಯ ನೌಕರಿ, ರೈಲ್ವೆಯದೇ ತಂಡದಲ್ಲಿ ಹನ್ನೊಂದು ವರ್ಷದ ಬಾಕ್ಸಿಂಗ್. ಕೈಗವಸು ಕಳಚಿ ತೀರ್ಪುಗಾರರಾದ ಹೊಸತರಲ್ಲಿ ಮನೆಯ ಟಿವಿಯಲ್ಲಿ ಒಂದು ಪಂದ್ಯ ನೋಡುತ್ತಿದ್ದರು. ಹೆಂಡತಿ ಜಯಲಕ್ಷ್ಮಿ ಪಂದ್ಯ ಬಿಟ್ಟು ಗಂಡನನ್ನು ನೋಡುತ್ತಿದ್ದರು. "ಏನ್ರೀ, ಎಡಗೈ ಹುಡುಗ ಹೊಡೆದಾಗೆಲ್ಲ ನಿಮ್ಮ ಭುಜಾನೂ ಹಾರತ್ತೆ. ಇನ್ನೊಬ್ಬ ಹೊಡೆದರೆ ಕಲ್ಲಿನ ಹಾಗೆ ಕೂತಿರ್ತೀರಿ. ನೀವು ನೋಡ್ತಾ ಇಲ್ಲ, ಆಡ್ತಾ ಇದೀರಿ."

ಆ ಮಾತು ಗವಸಿಲ್ಲದ ಗುದ್ದಿನ ಹಾಗೆ ತಾಗಿತು. ಮುಂದಿನ ಪಂದ್ಯದಿಂದ ಅವರು ಎಡ ಅಂಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂರತೊಡಗಿದರು. ಆದರೆ ಪ್ರತಿ ಸುತ್ತಿನ ಕೊನೆಗೆ ಗೆದ್ದವರಿಗೆ ಹತ್ತು, ಸೋತವರಿಗೆ ಒಂಬತ್ತು ಎಂದು ಚೀಟಿ ಬರೆಯಬೇಕಲ್ಲ! ನಾಲ್ಕು ಗೆರೆಯ ಪುಸ್ತಕ ತಂದು, ನಲವತ್ಮೂರರ ವಯಸ್ಸಿನಲ್ಲಿ, ಬಲಗೈಯಲ್ಲಿ ಅಂಕಿ ತಿದ್ದಿದರು. ಅವರ ಒಂಬತ್ತು ಇಂದಿಗೂ ಏಟು ತಿಂದವನಂತೆ ಒಂದು ಕಡೆಗೆ ವಾಲಿರುತ್ತದೆ.

ಹತ್ತೊಂಬತ್ತು ವರ್ಷ. ಹೆಚ್ಚುಕಡಿಮೆ ನಾಲ್ಕು ಸಾವಿರ ಪಂದ್ಯ. ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು. ಸಂಜೆ ಎದ್ದಾಗ ಆ ಕೈಗೆ ಜೀವವೇ ಇರುವುದಿಲ್ಲ, ರೈಲಿನ ಕಂಬಿ ಹಿಡಿಯಲೂ ಬಾರದು. ಇಷ್ಟೆಲ್ಲ ಯಾರೂ ನೋಡದ ಒಂದು ಭುಜಕ್ಕಾಗಿ!

ಹೊಡೆದಾಡಿದವನು ನಿಷ್ಪಕ್ಷಪಾತಿ ಆಗಬಲ್ಲನೇ ಎಂದು ಕೇಳಿದರೆ ಅವರು ಹೇಳುತ್ತಾರೆ: "ಏಟು ತಿಂದವನಿಗೆ ಯಾವುದು ತಾಗಿತು, ಯಾವುದು ಬರೀ ಸದ್ದು ಅಂತ ಗೊತ್ತಿರತ್ತೆ. ಆದರೆ ಹಳೇ ನೋವೂ ನೆನಪಿರತ್ತೆ. ಮೊದಲನೇದನ್ನ ಇಟ್ಕೋಬೇಕು. ಎರಡನೇದರ ಮೇಲೆ ಕೂತ್ಕೋಬೇಕು."

ಆ ಹಳೇ ನೋವಿಗೆ ಒಂದು ಹೆಸರಿದೆ: ರಘು. ಅದೇ ರೈಲ್ವೆ, ಅದೇ ವಯಸ್ಸು, ಈಗ ಗಿಂಡಿಯಲ್ಲಿ ತರಬೇತುದಾರ. ೧೯೮೯ರ ಫೈನಲ್‌ನಲ್ಲಿ ಪಂಢರಿನಾಥರನ್ನು ಸೋಲಿಸಿದವರು. "ಗೆದ್ದದ್ದಲ್ಲ, ಕದ್ದದ್ದು" ಎಂದು ಪಂಢರಿನಾಥರು ಮೂವತ್ತಾರು ವರ್ಷದಿಂದ ಹೇಳುತ್ತಿದ್ದಾರೆ. ರಘುವಿಗೆ ಅದು ಬಾಯಿಪಾಠ. ಮೂಗನ್ನು ಒತ್ತಿ ಹಿಡಿದು, ಥೇಟ್ ಪಂಢರಿನಾಥರ ದನಿಯಲ್ಲೇ ಒಪ್ಪಿಸುತ್ತಾರೆ: "ಮೂರನೇ ರೌಂಡ್‌ನಲ್ಲಿ ಇವನ ಮೊಣಕಾಲು ತೂಕಡಿಸ್ತಾ ಇತ್ತು, ಸ್ವಾಮೀ!"

ಎರಡು ತಿಂಗಳ ಹಿಂದೆ ರಘುವಿನ ಶಿಷ್ಯೆ ಶ್ರೀಯಾ ಒಬ್ಬ ಎಡಗೈ ಹುಡುಗಿಗೆ ಸೋತಳು, ಮೂರು-ಎರಡರ ತೀರ್ಪಿನಲ್ಲಿ. ಆ ಮೂವರಲ್ಲಿ ಪಂಢರಿನಾಥರೂ ಒಬ್ಬರು. ಎಡಗೈ ಎಡಗೈಯನ್ನು ಎತ್ತಿಹಿಡಿಯಿತು ಎಂದು ರಘು ದೂರು ಬರೆದೇಬಿಟ್ಟರು. ಸಂಘದ ಕಾರ್ಯದರ್ಶಿ ಅನಿಲ್, ಪರೀಕ್ಷೆ ಆಗುವವರೆಗೆ ಕುರ್ಚಿ ಇಲ್ಲವೆಂದರು. ಸದ್ದಿಲ್ಲದ ಐದು ಪಂದ್ಯಗಳ ವಿಡಿಯೊಗೆ ಅಂಕ ಹಾಕಬೇಕು. ಪರಿಣತರ ಅಂಕದೊಂದಿಗೆ ತಾಳೆ ಬೀಳದಿದ್ದರೆ ಕುರ್ಚಿ ಖಾಯಮ್ಮಾಗಿ ಹೋಯಿತು.

"ಹೋದರೆ ಭಾನುವಾರ ಈ ಕೈಯನ್ನ ಎಲ್ಲಿಡಲಿ?" ಎಂದಷ್ಟೇ ಕೇಳುತ್ತಾರೆ ಪಂಢರಿನಾಥರು.

ಒಂಬತ್ತಕ್ಕೆ ಪರೀಕ್ಷೆ. ಸಭಾಂಗಣದ ಹಿಂದಿನ ಕೋಣೆ, ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಅನಿಲ್, ದೂರುದಾರನ ಠೀವಿಯಲ್ಲಿ ರಘು. ಪಂಢರಿನಾಥರು ಎಡಗೈ ಮೇಲೆ ಕೂರುತ್ತಾರೆ. ಐದು ಪಂದ್ಯ ಮುಗಿಯುತ್ತದೆ.

"ಇನ್ನೊಂದಿದೆ ಸಾರ್," ಅನಿಲ್ ಮತ್ತೊಂದು ವಿಡಿಯೊ ತೆರೆಯುತ್ತಾರೆ.

ಆರನೆಯದು ಕಪ್ಪು-ಬಿಳುಪು, ನೀರು ಬೆರೆಸಿದ ಹಾಲಿನಂಥ ಚಿತ್ರ. ತಲೆಗವಚ ತೊಟ್ಟ ಇಬ್ಬರು ಹುಡುಗರು, ಇಬ್ಬರ ಮುಖವೂ ಮಸುಕು. ಪೆನ್ನು ಮೂರು ಸಲ ನಿಧಾನವಾಗಿ ಓಡಾಡುತ್ತದೆ. ಮೊದಲ ಸುತ್ತು ಉದ್ದನೆಯವನಿಗೆ, ಉಳಿದೆರಡು ಗಿಡ್ಡನಿಗೆ.

"ಉದ್ದನೆಯ ಬಲಗೈ ಹುಡುಗ ಚೆನ್ನಾಗಿ ಓಡಾಡ್ತಾನೆ. ಆದರೆ ಕೊನೇ ರೌಂಡ್ ಪೂರ್ತಿ ಗಾಳಿಗೇ ಹೊಡೆದ. ಸೋತ. ಯಾರಪ್ಪಾ, ಪಾಪ?"

"ನೀನೇ ಕಣೋ," ಅನ್ನುತ್ತಾರೆ ರಘು.

ಹಳೆಯ ಟೇಪಿನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದರು ರಘು. ಎಡಗೈ ಪಂಢರಿ ಬಲಗೈಯವನಾಗಿಬಿಟ್ಟಿದ್ದ. ಬ್ಯಾನರಿನ ಅಕ್ಷರ ಉಲ್ಟಾ ಕಂಡು ಗುಟ್ಟು ರಟ್ಟಾಗದಿರಲೆಂದು ಚಿತ್ರದ ಮೇಲ್ಭಾಗವನ್ನೇ ಕತ್ತರಿಸಿದ್ದರು. "ಕದ್ದೆ ಅಂತ ಮೂವತ್ತಾರು ವರ್ಷ ನಿನ್ನ ಬಾಯಲ್ಲಿ ಕೇಳಿದೆ. ನಿಜ ಏನು ಅಂತ ಒಂದೇ ಒಂದು ಸಲ ನಿನ್ನ ಕೈಯಲ್ಲಿ ಬರೆಸಬೇಕಿತ್ತು, ಪಂಢರಿ."

ಅನಿಲ್ ಮೆಲ್ಲಗೆ ಉಳಿದ ಚೀಟಿಗಳನ್ನು ತಾಳೆ ನೋಡುತ್ತಾರೆ: ಹದಿನೈದು ಸುತ್ತಿನಲ್ಲಿ ಹದಿನಾಲ್ಕು ಸರಿ. ಸೋತ ಇಬ್ಬರು ಎಡಗೈಯವರಿಗೂ ಸೋಲೇ ಬರೆದಿದ್ದಾರೆ. ಪಾಸ್.

ರಘು ದೂರಿನ ಕಾಗದವನ್ನು ಮಡಚಿ ಜೇಬಿಗಿಡುತ್ತಾರೆ. "ತನ್ನನ್ನೇ ಸೋಲಿಸಿಕೊಂಡವನ ಮೇಲೆ ಇನ್ನೇನು ದೂರಲಿ?"

ಪಂಢರಿನಾಥರು ತೊಡೆಯ ಕೆಳಗಿಂದ ಜೋಮು ಹಿಡಿದ ಕೈಯನ್ನು ಎಳೆದುಕೊಂಡು, ಆರನೆಯ ಚೀಟಿಯನ್ನು ಎತ್ತಿ ನೋಡುತ್ತಾರೆ. ತಾವೇ ಆಗಿದ್ದ ಆ ಉದ್ದನೆಯ ಹುಡುಗನ ಮುಂದೆ ಎರಡು ಒಂಬತ್ತು, ಎರಡೂ ವಾಲಿವೆ.

"ಇದನ್ನ ನನಗೆ ಕೊಡು, ಅನಿಲ್. ಇನ್ನೇನೂ ಬೇಡ. ಜಯಲಕ್ಷ್ಮಿಗೆ ಊಟಕ್ಕೆ ಕೂತಾಗೆಲ್ಲ ಆ ಪಂದ್ಯಾನೇ ಬಡಿಸಿದೀನಿ. ಇವತ್ತು ಇದನ್ನ ಬಡಿಸ್ತೀನಿ."

ಅಷ್ಟು ಹೇಳುವಾಗಲೇ ಅವರ ಭುಜ ಅಲುಗತೊಡಗುತ್ತದೆ. ಎಡದ್ದೊಂದೇ ಅಲ್ಲ, ಎರಡೂ. ರಘು ನಗುತ್ತಾರೆ, ಅನಿಲ್ ನಗುತ್ತಾರೆ, ಗದ್ದಲ ಕೇಳಿ ಗವಸು ತೊಟ್ಟ ಶ್ರೀಯಾ ಬಾಗಿಲಲ್ಲಿ ಇಣುಕಿ "ಎನ್ನಾಚ್ಚು ಸಾರ್?" ಎಂದು, ಏನಾಯಿತೆಂದು ವಿಚಾರಿಸುತ್ತಾಳೆ. ನಗು ಇನ್ನೂ ಜೋರಾಗುತ್ತದೆ. ಅದರಲ್ಲೂ ಆ ಮೂವತ್ತಾರು ವರ್ಷ ಹಳೆಯ ಪಂದ್ಯವನ್ನು ಈಗಷ್ಟೇ ಸೋತ ಮನುಷ್ಯ ಮೇಜು ಬಡಿಯುತ್ತ ನಗುತ್ತಿರುವ ನಗು, ಹೊರಗಿನ ರಿಂಗಿನ ಗಂಟೆಯನ್ನೂ ಮುಳುಗಿಸಿಬಿಟ್ಟಿದೆ.