ಅಳತೆಯಕ್ಕ ಮತ್ತು ಟೈಲರನ ತಲೆನೋವು

ಮೊಬೈಲ್ ಟವರುಗಳಿಂದ ಹೊರಡುವ ರೇಡಿಯೋ ಅಲೆಗಳನ್ನು ಅಳೆಯುವುದು ಅವಳ ಕೆಲಸ. ಅದಕ್ಕೇ ಎಲ್ಲರೂ ಅವಳನ್ನು ‘ಅಳತೆಯಕ್ಕ’ ಎನ್ನುತ್ತಿದ್ದರು. ಹೋದ ಬೀದಿಗಳಲ್ಲೆಲ್ಲ ಬೈಗುಳ ತಿಂದದ್ದೇ ಹೆಚ್ಚು. ಆ ದಿನ ದೂರು ಕೊಟ್ಟವನು ಒಬ್ಬ ವಯಸ್ಸಾದ ಟೈಲರ್. ಎದುರು ಕಟ್ಟಡದ ಮಹಡಿಯ ಮೇಲೆ ಟವರ್ ಎದ್ದಾಗಿನಿಂದ ಅವನಿಗೆ ತಲೆ ಸಿಡಿಯುತ್ತಿತ್ತು.

ಹೊಲಿಗೆ ಯಂತ್ರದ ಪಕ್ಕ ಮೀಟರ್ ಹಿಡಿದು ನೋಡಿದ ಅವಳು, "ಸುರಕ್ಷತೆಯ ಮಿತಿಯ ನೂರರಲ್ಲೊಂದು ಪಾಲೂ ಇಲ್ಲ, ಯಜಮಾನ್ರೇ" ಎಂದಳು.

"ನೀವು ಟವರಿನವರ ಕಡೆಯವರು. ಇನ್ನೇನು ಹೇಳ್ತೀರಿ!"

ಅವಳು ವಾದಕ್ಕಿಳಿಯದೆ ಮೀಟರನ್ನು ಅವನ ಕೈಗೇ ಕೊಟ್ಟಳು. "ನೀವೇ ಬೀದಿ ಸುತ್ತಿ ಬನ್ನಿ. ಅಂಗಡಿ ನಾನು ನೋಡ್ಕೊಳ್ತೀನಿ."

ಟವರಿದ್ದ ಕಟ್ಟಡದ ಬುಡದವರೆಗೂ ಹೋಗಿ ಬಂದ ಟೈಲರ್ ಮೆಲ್ಲಗೆ ಹೇಳಿದ: "ಅಂಕಿ ಜಿಗಿದಿದ್ದು ಒಂದೇ ಸಲ ಕಣಮ್ಮ. ನನ್ನ ಜೇಬಿನ ಫೋನಿಗೆ ಮಗಳು ಕರೆ ಮಾಡಿದಾಗ. ಆಗಲೂ ಮಿತಿ ದಾಟಲಿಲ್ಲ. ಹಾಗಾದ್ರೆ ನನ್ನ ನೋವು ಸುಳ್ಳಾ?"

"ನೋವು ಸುಳ್ಳಲ್ಲ. ಕಾರಣ ಬೇರೆ ಇರಬೇಕು."

ಮಾತಾಡುತ್ತಲೇ ಅವನು ಸೂಜಿಗೆ ದಾರ ಪೋಣಿಸಲು ಹೋಗಿ, ಕಣ್ಣು ಕಿರಿದು ಮಾಡಿ, ನಾಲ್ಕು ಸಲ ತಪ್ಪಿದ.

"ಕಣ್ಣು ತೋರಿಸಿ ಎಷ್ಟು ವರ್ಷ ಆಯ್ತು?" ಎಂದು ಅವಳು ಕೇಳಿದಳು.

"ಟೈಲರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಗಿರಾಕಿಗಳು ಬರ್ತಾರಾ?" ಎಂದು ಗೊಣಗಿದರೂ, ಮರುದಿನವೇ ಕಣ್ಣಿನ ಡಾಕ್ಟರ ಬಳಿ ಹೋದ.

ಮುಂದಿನ ತಿಂಗಳು ಅವಳು ಮತ್ತೆ ಅಳೆಯಲು ಬಂದಾಗ ಅವನ ಮೂಗಿನ ಮೇಲೆ ಕನ್ನಡಕವಿತ್ತು, ತಲೆನೋವು ಮುಕ್ಕಾಲು ಪಾಲು ಇಳಿದಿತ್ತು.

"ಇವತ್ತು ನಾನೂ ಬರ್ತೀನಿ. ನೀವು ಹೇಳಿದ್ರೆ ಜಗಳ, ನಾನು ಹೇಳಿದ್ರೆ ನಂಬ್ತಾರೆ" ಎಂದ ಅವನು ಅಂಗಡಿಗೆ ಬೀಗ ಹಾಕಿ, ಮೀಟರ್ ಎತ್ತಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದ.