ಬೆನೆಡಿಕ್ಟಣ್ಣನ ತಂಡ

ಸೌದಿಯ ರಾಬಿಗ್‌ನ ರಿಫೈನರಿಯಲ್ಲಿ ನಾವು ಆರು ಮಂದಿ ಫೋನಿನಲ್ಲಿ ಬೇಸ್‌ಬಾಲ್ ಫ್ಯಾಂಟಸಿ ಲೀಗ್ ಆಡುತ್ತೇವೆ: ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುವುದು, ಅವರು ಆಡಿದ ಹಾಗೆ ನಮಗೆ ಅಂಕ. ಪಂದ್ಯದ ನಡುವೆ ಬಂದು, ನಾವು ಶಿಫ್ಟ್ ಒಪ್ಪಿಸುವ ಹಾಗೆ, ಮುನ್ನಡೆಯನ್ನು ಕೆಡಿಸದೆ ಮುಂದಿನವನಿಗೆ ಒಪ್ಪಿಸುವ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ‘ಹೋಲ್ಡ್’ ಅಂಕ. ಅಂಥವರನ್ನು ಆರಿಸುವುದರಲ್ಲಿ ನಮ್ಮ ಶಿಫ್ಟ್‌ನ ಬೆನೆಡಿಕ್ಟಣ್ಣ ನಿಸ್ಸೀಮರು.

“ಹೆಸರು ನೋಡ್ಬೇಡ ಮಾರಾಯ, ಒಂಬತ್ತರಲ್ಲಿ ಎಂಟನೇ ಇನಿಂಗ್ಸ್‌ಗೆ ಯಾರನ್ನು ಕಳಿಸ್ತಾರೆ ನೋಡು” ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೂ ಅವರ ತಂಡವನ್ನು ತೆಗೆಯಲು ನಮಗೆ ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ, ಆ ತಂಡದಲ್ಲಿ ಗಾಯಗೊಂಡ ಪಿಚರ್‌ನ ಜಾಗಕ್ಕೆ ಯಾರೂ ಹೆಸರು ಕೇಳದ ಹೊಸಬನೊಬ್ಬ ಬಂದಿದ್ದ. ಲೀಗ್ ನಡೆಸುವ ಭಟ್ಕಳದ ಇಕ್ಬಾಲ್ ಭಾಯಿಯನ್ನು ಕೇಳಿದೆ.

“ನೀನೇ ಹಾಕಿದ್ದು ಅಂದ್ಕೊಂಡಿದ್ದೆ” ಅಂದರು.

“ಅಣ್ಣನ ಫೋನ್ ಎಲ್ಲುಂಟು?”

“ನನ್ನ ಲಾಕರ್‌ನಲ್ಲಿ. ಚಾರ್ಜೇ ಇಲ್ಲ.”

ಆ ವಾರ ನನ್ನ ಎದುರಾಳಿ ಬೆನೆಡಿಕ್ಟಣ್ಣನೇ. ಆ ಹೊಸಬ ತಂದ ಎರಡು ಹೋಲ್ಡ್‌ಗಳಿಂದ ಸೋತೆ. ನಾನು ಹೆಸರು ನೋಡಿ ಆರಿಸಿದ್ದೆ.