ಆಷಾಢದಲ್ಲಿ ಒಣಗಿದ ಸೀರೆ

ಧರ್ಮಪುರದ ನಮ್ಮ ಬೀದಿಯ ಕೆಂಚಕ್ಕನಿಗೆ ಅನುಮಾನ ಹುಟ್ಟುಗುಣ. ಶೇಂಗಾ ತೂಗುವ ತಕ್ಕಡಿ ಇರಲಿ, ಫೋನಿನಲ್ಲಿ ಕಾಣುವ ಮಳೆಯ ಚಿತ್ರ ಇರಲಿ, ಒಂದನ್ನೂ ನಂಬಿದವಳಲ್ಲ. ಪಕ್ಕದ ಮನೆಯವಳಾದ ನಾನು ಕೊಟ್ಟ ಹೆಪ್ಪನ್ನೂ ಮೂಸಿ ನೋಡಿಯೇ ಒಯ್ಯುತ್ತಾಳೆ. ಎಷ್ಟೋ ಸಲ ನನಗೆ ಮೈಯೆಲ್ಲ ಉರಿದಿದೆ.

ಮಗಳು ಯಮುನಾಳನ್ನು ಕುಂದಾಪುರಕ್ಕೆ ಕೊಡುವಾಗ ಮಾತ್ರ ಅವಳಿಗೆ ಯಾವ ಅನುಮಾನವೂ ಬರಲಿಲ್ಲ. ಅಳಿಯ ರಾಜಕುಮಾರ್ ನಮ್ಮ ಕಡೆಯವನೇ, ಅಲ್ಲಿ ಲಾರಿ ಇಟ್ಟುಕೊಂಡು ನೆಲೆಸಿದ್ದ. ಮಾಘದಲ್ಲಿ ಬೀಗರೂಟಕ್ಕೆ ಹೋದಾಗ ಕಡಲು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಬೆವರು ಒರೆಸಿಕೊಳ್ಳುತ್ತಲೇ ಕೆಂಚಕ್ಕ, "ಮಗಳು ಒಳ್ಳೇ ಕಡೆ ಸೇರಿದ್ಲು" ಎಂದು ನನ್ನ ಕೈ ಹಿಡಿದುಕೊಂಡಳು. ಬೀಗಿತ್ತಿ ನಕ್ಕು, "ಈ ಬಿಸಿಲು ನೋಡಿ ಮೋಸ ಹೋಗ್ಬೇಡ್ರಿ. ಮಳೆಗಾಲದಾಗೆ ವಾರವಾದ್ರೂ ಸೀರೆ ಒಣಗಲ್ಲ, ಒಲೆ ಮೇಲೆ ಕಟ್ಬೇಕು" ಅಂದಿದ್ದಳು.

ಮೊದಲ ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ತವರಿನಲ್ಲಿರಬೇಕು. ಯಮುನಾ ಬರಲಿಲ್ಲ. "ಜೋರು ಮಳೆ ಕಣವ್ವ, ಘಾಟಿ ರಸ್ತೆ ಕುಸಿದೈತೆ, ಬಸ್ಸಿಲ್ಲ" ಎಂದು ಫೋನ್ ಮಾಡಿದಳು. ನಾನು ನಂಬಿದೆ. ಕೆಂಚಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಮಳೆಯ ಸದ್ದು ಹುಡುಕುತ್ತಿದ್ದಳು.

ನಾಲ್ಕನೇ ದಿನ ಮಾತಿನ ನಡುವೆ ಮಗಳು, "ತಡಿಯವ್ವ, ಒಣಗಾಕಿದ್ದ ಸೀರೆ ಗಾಳಿಗೆ ಹಾರೋಗ್ತೈತೆ" ಅಂದಳು.

ಕೆಂಚಕ್ಕನ ಮುಖ ಕಪ್ಪಿಟ್ಟಿತು. ಸೀರೆ ಹಾರಿಸುವ ಒಣಗಾಳಿ ಆಷಾಢದಲ್ಲಿ ನಮ್ಮ ಸೀಮೆಯದು, ಕಡಲ ತೀರದ್ದಲ್ಲ.

"ಎಲ್ಲಿದೀಯೇ ನೀನು?"

"ದುರ್ಗದಾಗೆ. ಶಾಲಿನಿ ರೂಮ್ನಾಗೆ." ಶಾಲಿನಿ ಅವಳ ಕಾಲೇಜಿನ ಗೆಳತಿ.

ಮರುದಿನ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಕೆಂಚಕ್ಕ, ಯಾವನೋ ಗಂಟುಬಿದ್ದಿರಬೇಕು ಎಂದು ಹಲ್ಲು ಕಡಿದಳು. ರೂಮಿನಲ್ಲಿ ಯಾವನೂ ಇರಲಿಲ್ಲ. ಯಮುನಾಳ ತೋಳಿನ ಮೇಲೆ ಬಾಸುಂಡೆಗಳಿದ್ದವು. ಗಂಡನಿಗೆ ತವರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳು.

"ಮನೆಗ್ಯಾಕೆ ಬರ್ಲಿಲ್ಲವ್ವ?"

"ಆಷಾಢ ಮುಗೀತಿದ್ದಂಗೆ ಮಡ್ಲಕ್ಕಿ ಕಟ್ಟಿ ಕಳಿಸ್ತಿದ್ದೆಯಲ್ಲ ನೀನು."

ಕೆಂಚಕ್ಕ ಕಳಿಸುತ್ತಿದ್ದಳು, ನನಗೂ ಗೊತ್ತು. ಊರವರಿಗೆ ಹೆದರಿ ನಾನೂ ಅದನ್ನೇ ಹೇಳುತ್ತಿದ್ದೆ. ಕೆಂಚಕ್ಕ ಗೋಡೆಗೊರಗಿ ಕುಳಿತು ಅತ್ತಳು. ಸಂಜೆಯ ಬಸ್ಸಿಗೆ ಮೂವರೂ ಊರಿಗೆ ಬಂದೆವು.

ಶ್ರಾವಣದ ಮೊದಲ ಸೋಮವಾರ ಅಳಿಯನ ಫೋನು ಬಂತು. "ಆಷಾಢ ಮುಗೀತಲ್ಲ ಅತ್ತೆ, ಯಾವಾಗ ಕಳಿಸ್ತೀರಿ?"

ಕೆಂಚಕ್ಕ ಅಂಗಳದಲ್ಲಿ ಒಣಗುತ್ತಿದ್ದ ಮಗಳ ಸೀರೆಯ ಕಡೆ ನೋಡಿದಳು.

"ನಮ್ಮನೇಲಿ ಇನ್ನೂ ಮುಗಿದಿಲ್ಲ ಕಣಪ್ಪ" ಅಂದಳು.